ಮುಚ್ಚಿದ ಘಟ್ಟ, ತೆರೆದ ಘಟ್ಟ: ಮಲಪ್ರಭೆಯ ಸೀಮೆಯೂ ಗೋವೆಯ ವ್ಯಾಪಾರವೂ

ಬಾದಾಮಿಯಿಂದ ಪಟ್ಟದಕಲ್ಲಿನ ಕಡೆಗೆ ಗುಡ್ಡಗಳ ಮಡಿಲಲ್ಲಿ ಅಡಗಿರುವ ಮಹಾಕೂಟವನ್ನು ಕಾಣದ ಯಾತ್ರಿಕರು ನಮ್ಮ ಸೀಮೆಯಲ್ಲಿ ವಿರಳ. ವಿಷ್ಣುಪುಷ್ಕರಿಣಿಯ ತಿಳಿನೀರಿನಲ್ಲಿ ಮಿಂದು, ಮಹಾಕೂಟೇಶ್ವರನ ದರ್ಶನ ಮಾಡಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂಡುವ ಜನಕ್ಕೆ ಸಮುದ್ರದ ನೆನಪು ಬರಲು ಕಾರಣವೇ ಇಲ್ಲ. ಆದರೆ ಅಲ್ಲಿಯ ಒಂದು ಶಾಸನವನ್ನು ಸ್ವಲ್ಪ ನಿಧಾನವಾಗಿ ಓದಿ ನೋಡಿ. ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆಯಾದ ವಿನಾಪೋಟಿ ಎಂಬಾಕೆ ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಈ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಅರ್ಪಿಸಿದಳೆಂದು ಅದು ಹೇಳುತ್ತದೆ. ಮಾಣಿಕ್ಯವಾಗಲಿ ಬೆಳ್ಳಿಯಾಗಲಿ ಮಲಪ್ರಭೆಯ ದಂಡೆಯಲ್ಲಿ ಸಿಗುವ ವಸ್ತುಗಳಲ್ಲ. ಯಾರೋ ಅವನ್ನು ತಂದರು, ಯಾರೋ ಕೊಂಡರು, ನಡುವೆ ಒಂದು ದಾರಿ ತೆರೆದಿತ್ತು.

ಆ ದಾರಿಯ ಕಥೆಯನ್ನು ಇಂದು ವಾಚಕರ ಮುಂದೆ ಇಡಬೇಕೆಂದಿದ್ದೇನೆ. ಎರಡು ರಾಜ್ಯಗಳು ಮುನಿಸಿಕೊಂಡು ಪರಸ್ಪರ ವ್ಯಾಪಾರವನ್ನು ನಿಲ್ಲಿಸುವುದು, ಕೆಲಕಾಲದ ಮೇಲೆ ಮುನಿಸು ತಿಳಿದು ಮತ್ತೆ ವ್ಯಾಪಾರವನ್ನು ಕಟ್ಟಿಕೊಳ್ಳಲು ಹೆಣಗುವುದು, ಇವೆಲ್ಲ ಈ ಕಾಲದ ದೊಡ್ಡ ರಾಷ್ಟ್ರಗಳ ಆಟವೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ನಮ್ಮ ಬಾದಾಮಿ, ಹುನಗುಂದ, ಬಾಗಲಕೋಟೆಗಳ ನೆಲ ಈ ಆಟವನ್ನು ನಾಲ್ಕುನೂರು ವರ್ಷಗಳಿಗಿಂತ ಹಿಂದೆಯೇ ಕಂಡಿದೆ, ಅದರ ಬೆಲೆಯನ್ನೂ ತೆತ್ತಿದೆ.

ಮೊದಲು ಭೂಗೋಲ. ಮಲಪ್ರಭೆಯ ಬಯಲಿಗೂ ಪಶ್ಚಿಮ ಸಮುದ್ರಕ್ಕೂ ನಡುವೆ ಸಹ್ಯಾದ್ರಿಯ ಗೋಡೆ ನಿಂತಿದೆ. ಗೋಡೆಯಲ್ಲಿ ಅಲ್ಲಲ್ಲಿ ಕಿಂಡಿಗಳಂತೆ ಘಟ್ಟದ ದಾರಿಗಳು. ದಾರಿಗಳ ಕೆಳತುದಿಯಲ್ಲಿ ಗೋವೆ, ಅಂಕೋಲೆ, ಹೊನ್ನಾವರ, ಭಟಕಳ ಮೊದಲಾದ ರೇವುಗಳು. ಬಯಲನ್ನು ಆಳಿದವರೆಲ್ಲ ಈ ಕಿಂಡಿಗಳ ಮೇಲೆ ಕಣ್ಣಿಟ್ಟವರೇ. ಮಹಾಕೂಟದಲ್ಲಿ ಸುಮಾರು ಕ್ರಿ.ಶ. 602ರಲ್ಲಿ ಧರ್ಮಜಯಸ್ತಂಭವನ್ನು ನಿಲ್ಲಿಸಿದ ಮಂಗಲೇಶನು (ಆ ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ) ಗೋವೆಯ ಉತ್ತರಕ್ಕಿರುವ ರೇವತೀದ್ವೀಪವನ್ನು, ಎಂದರೆ ಇಂದಿನ ರೇಡಿಯನ್ನು, ಗೆದ್ದನೆಂದು ಐಹೊಳೆಯ ಶಾಸನ ಹೊಗಳುತ್ತದೆ. 610ರ ಹೊತ್ತಿಗೆ ಚಾಲುಕ್ಯರ ಅಧಿಕಾರಿಯೊಬ್ಬನು ಅಲ್ಲಿ ಕುಳಿತು ತಾಮ್ರಪಟ ಬರೆಯಿಸುತ್ತಿದ್ದನು. ಮುಂದೆ ಹುನಗುಂದ ಸೀಮೆಯ ಐಹೊಳೆಯೇ ಅಯ್ಯಾವೊಳೆಯ ಐನೂರ್ವರೆಂಬ ಮಹಾ ವರ್ತಕಸಂಘದ ಹೆಸರಿನ ಮೂಲವಾಯಿತು. ಆ ಐನೂರ್ವರ ಹೆಸರು ಹೊತ್ತ 1088ರ ಒಂದು ತಮಿಳು ಶಾಸನ ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತಿದೆ ಎಂದ ಮೇಲೆ ಆ ಸಂಘದ ಕೈ ಎಷ್ಟು ಉದ್ದವಿತ್ತೆಂಬುದನ್ನು ನೀವೇ ಊಹಿಸಬಹುದು.

ಇದು ದಾರಿ ತೆರೆದಿದ್ದ ಕಾಲ. ಇನ್ನು ದಾರಿಗೆ ಅಗಳಿ ಬಿದ್ದ ಕಾಲಕ್ಕೆ ಬರೋಣ.

1510ರಲ್ಲಿ ಅಲ್ಬುಕರ್ಕನು ವಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಿತ್ತುಕೊಂಡನು. ಪಾರಸಿಕ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ಕೂಡ 1515ರಲ್ಲಿ ಪೋರ್ತುಗೀಜರ ವಶವಾಯಿತು. ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಅವುಗಳ ಅರ್ಥ ತಿಳಿಯುತ್ತದೆ. ದಖ್ಖಣದ ಸೈನ್ಯಗಳ ಬಲ ನಿಂತದ್ದು ಕುದುರೆಗಳ ಮೇಲೆ. ಒಳ್ಳೆಯ ಯುದ್ಧದ ಕುದುರೆ ನಮ್ಮ ಹವೆಯಲ್ಲಿ ಹುಟ್ಟುವುದಿಲ್ಲ, ಹುಟ್ಟಿದರೂ ಅರಬ್ಬಿ ಪಾರಸಿ ತಳಿಗಳ ಸಮ ಬೆಳೆಯುವುದಿಲ್ಲ. ಕುದುರೆ ಹಡಗು ಹತ್ತುವ ರೇವು ಹೊರ್ಮುಜ್, ಇಳಿಯುವ ರೇವು ಗೋವೆ. ಎರಡೂ ಒಬ್ಬರದೇ ಕೈಯಲ್ಲಿ! ಸಮುದ್ರದ ಮೇಲೆ ತಮ್ಮ ರಹದಾರಿ ಚೀಟಿಯಿಲ್ಲದೆ ಓಡಾಡುವ ಹಡಗನ್ನು ಹಿಡಿಯುವುದು ಪೋರ್ತುಗೀಜರ ಪದ್ಧತಿ. ಆ ಚೀಟಿಗೆ ಕರ್ತಾಜ್ ಎಂದು ಹೆಸರು. ಯಾರ ಕುದುರೆಲಾಯ ತುಂಬಬೇಕು, ಯಾರದು ಬರಿದಾಗಬೇಕು ಎಂಬ ತೀರ್ಮಾನ ಹೀಗೆ ಮಾಂಡವಿ ನದಿಯ ದಂಡೆಯಲ್ಲಿ ನಡೆಯತೊಡಗಿತು.

ಆ ಕಾಲದ ರಾಜರಿಗೆ ಕುದುರೆಯ ಹಂಬಲ ಎಷ್ಟಿತ್ತೆಂಬುದಕ್ಕೆ, ತಾನೇ ಕುದುರೆ ವ್ಯಾಪಾರಿಯಾಗಿ ವಿಜಯನಗರಕ್ಕೆ ಬಂದಿದ್ದ ನುನಿಜ್ ಎಂಬ ಪೋರ್ತುಗೀಜನ ಬರಹ ಸಾಕ್ಷಿ. ಸಾಳುವ ನರಸಿಂಹನು ಸತ್ತ ಕುದುರೆಗೂ ಬದುಕಿದ ಕುದುರೆಗೂ ಒಂದೇ ಬೆಲೆ ಕೊಡುತ್ತಿದ್ದನಂತೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ವ್ಯಾಪಾರಿಗೆ ಹಣ ಸಿಗುತ್ತಿತ್ತು. ಕೃಷ್ಣದೇವರಾಯನು ವರ್ಷಕ್ಕೆ ಹದಿಮೂರು ಸಾವಿರ ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ಆತ ಬರೆಯುತ್ತಾನೆ. ಲೆಕ್ಕದಲ್ಲಿ ಸ್ವಲ್ಪ ಅತಿಶಯವಿರಬಹುದು. ಹಸಿವಿನ ವರ್ಣನೆಯಲ್ಲಿ ಅತಿಶಯವಿಲ್ಲ.

1520ರ ರಾಯಚೂರು ಯುದ್ಧಕ್ಕೂ ಒಂದು ವ್ಯಾಪಾರದ ಜಗಳವೇ ನೆಪವಾಯಿತು. ಕುದುರೆ ಕೊಂಡು ತರಲು ಕೃಷ್ಣದೇವರಾಯನು ನಲವತ್ತು ಸಾವಿರ ಪರ್ದಾವು ಹಣ ಕೊಟ್ಟು ತನ್ನ ನೌಕರನೊಬ್ಬನನ್ನು ಗೋವೆಗೆ ಕಳಿಸಿದನು. ಆತ ಫೋಂಡೆಯವರೆಗೆ ಹೋಗಿ, ಅಲ್ಲಿಂದ ಹಣದ ಸಮೇತ ಆದಿಲಶಾಹನ ಆಶ್ರಯಕ್ಕೆ ಓಡಿದನು. ಅವನನ್ನೂ ಹಣವನ್ನೂ ಒಪ್ಪಿಸಿರೆಂದು ರಾಯನು ಕೇಳಿದ, ವಿಜಾಪುರ ಒಪ್ಪಲಿಲ್ಲ. ಮುಂದಿನದು ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ನುನಿಜನ ಈ ಮಾತನ್ನು ನಂಬುವುದಾದರೆ, ಒಬ್ಬ ದಲಾಲನ ವಂಚನೆ ಎರಡು ರಾಜ್ಯಗಳ ಹಳೆಯ ಹಗೆಗೆ ಕಿಡಿ ಮುಟ್ಟಿಸಿತು.

ಇಷ್ಟು ಹಿನ್ನೆಲೆ ಮನಸ್ಸಿನಲ್ಲಿದ್ದರೆ 1547ರ ಸೆಪ್ಟೆಂಬರ್ 19ರ ಕರಾರಿನ ಮಹತ್ವ ಥಟ್ಟನೆ ಹೊಳೆಯುತ್ತದೆ. ವಿಜಯನಗರದ ಸಿಂಹಾಸನದ ಮೇಲೆ ಆಗ ಸದಾಶಿವರಾಯ. ಅಧಿಕಾರವೆಲ್ಲ ಅಳಿಯ ರಾಮರಾಯನದು. ಗೋವೆಯಲ್ಲಿ ಗವರ್ನರ್ ಜೊಆವ್ ದ ಕಾಸ್ತ್ರೊ. ಇಬ್ಬರಿಗೂ ವಿಜಾಪುರದ ಇಬ್ರಾಹಿಂ ಆದಿಲಶಹನೇ ಕಣ್ಣಿನ ಕಸ. ನಮ್ಮ ಬಾದಾಮಿ ಸೀಮೆ ಆ ದಿನಗಳಲ್ಲಿ ವಿಜಯನಗರದ ಉತ್ತರದ ಅಂಚು. ಸದಾಶಿವರಾಯನ ಕಾಲದ ಶಾಸನಗಳು ಬಾದಾಮಿಯಲ್ಲಿವೆ. ಎಂದರೆ ಈ ಕರಾರು ಯಾವ ಗಡಿಯನ್ನು ಮುಚ್ಚಲು ಹೊರಟಿತೋ ಆ ಗಡಿ ನಮ್ಮ ಅಂಗಳದಲ್ಲಿಯೇ ಇತ್ತು.

ಕರಾರಿನಲ್ಲಿ ಏನಿತ್ತು? ಮೊದಲನೆಯದು, ಗೋವೆಗೆ ಬಂದ ಕುದುರೆಗಳೆಲ್ಲ ವಿಜಯನಗರಕ್ಕೆ ಹೋಗತಕ್ಕದ್ದು. ಆದಿಲಶಹನಿಗೆ ಒಂದು ಕುದುರೆಯನ್ನೂ ಬಿಡಕೂಡದು. ಎರಡನೆಯದು, ವಿಜಯನಗರದ ಯಾವ ಊರಿನಿಂದಲೂ ಕಬ್ಬಿಣ ಮತ್ತು ಪೆಟ್ಲುಪ್ಪು ವಿಜಾಪುರದ ಸೀಮೆಗೆ ಹೋಗಕೂಡದು. ವ್ಯಾಪಾರಿಗಳು ಅವನ್ನು ರಾಯರ ರೇವುಗಳಿಗೇ ತರಬೇಕು, ಅಲ್ಲಿ ಅವರಿಗೆ ನಷ್ಟವಾಗದಂತೆ ಪೋರ್ತುಗೀಜರು ಕೂಡಲೇ ಕೊಳ್ಳಬೇಕು. ಮೂರನೆಯದು, ವಿಜಯನಗರದ ಬಟ್ಟೆ ಆದಿಲಶಹನ ರೇವುಗಳಿಗೆ ಇಳಿಯದೆ ಅಂಕೋಲೆಗೆ ಇಲ್ಲವೆ ಹೊನ್ನಾವರಕ್ಕೆ ಇಳಿಯಬೇಕು. ಅದಕ್ಕೆ ಬದಲಾಗಿ ತಾಮ್ರ, ಹವಳ, ಇಂಗಲೀಕ, ಪಾದರಸ, ಚೀನಾದ ರೇಷ್ಮೆ ಮುಂತಾದವನ್ನು ರಾಯರ ವ್ಯಾಪಾರಿಗಳು ಕೊಳ್ಳಬೇಕು. ಇಷ್ಟಲ್ಲದೆ, ಮುಸಲ್ಮಾನರ ಹಡಗುಗಳನ್ನು ರೇವುಗಳಲ್ಲಿ ನಿಲ್ಲಗೊಡಬಾರದು, ಬಂದರೆ ಹಿಡಿದು ಒಪ್ಪಿಸಬೇಕು. ಯುದ್ಧವಾದರೆ ಗೆದ್ದ ನೆಲ ರಾಯರದು; ಬಾಂದೆಯಿಂದ ಕಾಳೀನದಿಯ ಮುಖದ ಚಿತ್ತಾಕುಲದವರೆಗೆ ಘಟ್ಟದ ಕೆಳಗಿನ ಪಟ್ಟಿ ಮಾತ್ರ ಪೋರ್ತುಗೀಜರದು.

ವಾಚಕರು ಈ ಕಲಮುಗಳನ್ನು ಇನ್ನೊಮ್ಮೆ ಓದಬೇಕು. ಕುದುರೆ ಸೈನ್ಯದ ಕಾಲು. ಕಬ್ಬಿಣ ಕತ್ತಿ ಭರ್ಜಿಗಳ ಮೈ. ಪೆಟ್ಲುಪ್ಪು ಮದ್ದುಗುಂಡಿನ ಉಸಿರು. ಶತ್ರುವಿಗೆ ಈ ಮೂರನ್ನೂ ನಿಲ್ಲಿಸಿಬಿಟ್ಟರೆ ರಣರಂಗದಲ್ಲಿ ಅರ್ಧ ಗೆದ್ದಂತೆಯೇ ಎಂಬುದು ಲೆಕ್ಕಾಚಾರ. ಇಂದಿನ ರಾಷ್ಟ್ರಗಳು ಆಯುಧ, ತೈಲ, ಯಂತ್ರಭಾಗಗಳ ಪಟ್ಟಿಯನ್ನು ಮಾಡುವಾಗ ಹಾಕುವ ಲೆಕ್ಕಾಚಾರವೂ ಇದೇ. ಆದರೆ ಮೂರನೆಯ ಕಲಮು ಬೇರೆ ಜಾತಿಯದು. ಬಟ್ಟೆಯಿಂದ ಯುದ್ಧ ಗೆಲ್ಲಲಾಗದು. ಅಲ್ಲಿ ಹೊಡೆತ ಬಿದ್ದದ್ದು ರಾಜನಿಗಲ್ಲ, ಮಗ್ಗದವನಿಗೆ. ನಿನ್ನೆಯವರೆಗೆ ತನಗೆ ಹತ್ತಿರವಾದ, ಒಳ್ಳೆಯ ಬೆಲೆ ಬರುವ ರೇವಿಗೆ ಬಟ್ಟೆಯ ಹೇರು ಕಳಿಸುತ್ತಿದ್ದವನು ಇನ್ನು ಮೇಲೆ ಹೇಳಿದ ರೇವಿಗೇ ಕಳಿಸಬೇಕು, ಹೇಳಿದವನಿಗೇ ಮಾರಬೇಕು, ಬದಲಿಗೆ ಹೇಳಿದ ಸರಕನ್ನೇ ಕೊಳ್ಳಬೇಕು. ಶತ್ರುವಿನ ಮೇಲೆ ಹಾಕಿದ ಕಟ್ಟು ತನ್ನವರ ಕೈಗೂ ಬಿಗಿಯುತ್ತದೆಂಬುದು ಇಂಥ ಕರಾರುಗಳ ಸ್ವಭಾವ.

ಈ ಕಟ್ಟು ಎಷ್ಟು ದಿನ ಉಳಿಯಿತು? ಒಂದು ವರ್ಷ ಕಳೆಯುವುದರೊಳಗೆ ಕಾಸ್ತ್ರೊ ತೀರಿಕೊಂಡನು. ಅವನ ತರುವಾಯದವನು 1548ರಲ್ಲಿಯೇ ವಿಜಾಪುರದೊಡನೆ ಬೇರೊಂದು ಸಂಧಿ ಮಾಡಿಕೊಂಡನು. ಸಾಷ್ಟಿ, ಬಾರ್ದೇಶಗಳು ಪೋರ್ತುಗೀಜರಿಗೆ ಸ್ಥಿರಪಟ್ಟವು. ಬೇಕಾಗಿದ್ದ ನೆಲ ಕೈಸೇರಿದ ಮೇಲೆ ವಿಜಾಪುರದ ಗಿರಾಕಿಯನ್ನು ಕಳೆದುಕೊಳ್ಳಲು ಗೋವೆಗೆ ಮನಸ್ಸೆಲ್ಲಿಯದು? ಕುದುರೆಯ ಸುಂಕವೇ ಗೋವೆಯ ಬೊಕ್ಕಸದ ದೊಡ್ಡ ಆದಾಯಗಳಲ್ಲೊಂದು. ಇಬ್ಬರು ಗಿರಾಕಿಗಳಿದ್ದರೆ ಬೆಲೆ ಏರುತ್ತದೆ, ಒಬ್ಬನೇ ಇದ್ದರೆ ಇಳಿಯುತ್ತದೆ ಎಂಬುದು ಅಂಗಡಿಯ ಹುಡುಗನಿಗೂ ಗೊತ್ತು. ಪಾವಿತ್ರ್ಯದ ಆಣೆಗಳಿಂದ ಕೂಡಿದ ಕರಾರನ್ನು ಸಡಿಲಿಸಲು ಇಂಥ ಚಿಕ್ಕ ಸತ್ಯವೇ ಸಾಕಾಯಿತು.

ಮುಂದೆ 1565ರ ಜನವರಿ ಬಂತು. ಹುನಗುಂದದಿಂದ ಬಹಳ ದೂರವಲ್ಲದ, ಕೃಷ್ಣೆಯ ದಂಡೆಯ ರಕ್ಕಸಗಿ-ತಂಗಡಗಿಗಳ ಹೆಸರಿನಿಂದ ಪ್ರಸಿದ್ಧವಾದ ಕಾಳಗದಲ್ಲಿ ರಾಮರಾಯನು ಬಿದ್ದನು, ವಿಜಯನಗರ ಸೂರೆಹೋಯಿತು. ಗೆದ್ದವರ ಉತ್ಸಾಹದ ಅಬ್ಬರದಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯನ್ನು ಗೋವೆಯ ವರ್ತಕರು ಕೇಳಿಕೊಂಡರು: ಇನ್ನು ನಮ್ಮ ಕುದುರೆಯನ್ನು ಕೊಳ್ಳುವವರು ಯಾರು?

ಈ ಪ್ರಶ್ನೆಗೆ ದೊರೆತ ಮೊದಲ ಉತ್ತರವನ್ನು ಕಣ್ಣಾರೆ ಕಂಡು ಬರೆದಿಟ್ಟವನು ವೆನಿಸ್ಸಿನ ವರ್ತಕ ಸೀಜರ್ ಫ್ರೆಡರಿಕ್. 1567ರಲ್ಲಿ ಆತ ಗೋವೆಯಿಂದ ಇಬ್ಬರು ಕುದುರೆ ವ್ಯಾಪಾರಿಗಳ ಜೊತೆಗೂಡಿ ವಿಜಯನಗರಕ್ಕೆ ಹೋದನು. ಮನೆಗಳು ನಿಂತಿದ್ದವು, ಒಳಗೆ ಜನರಿರಲಿಲ್ಲ. ಕಾಡುಮೃಗಗಳು ವಾಸವಾಗಿದ್ದವು ಎಂದು ಅವನು ಬರೆದಿದ್ದಾನೆ. ರಾಮರಾಯನ ತಮ್ಮ ತಿರುಮಲನು ಹಾಳುಬಿದ್ದ ಪಟ್ಟಣವನ್ನು ಮತ್ತೆ ನೆಲೆಗೊಳಿಸಲು ಹೊರಟಿದ್ದ ಸಮಯ ಅದು. ಅವನಿಗೆ ಮೊದಲು ಬೇಕಾದದ್ದು ಕುದುರೆ. ಕುದುರೆ ತಂದವರಿಗೆ ಕೇಳಿದ ಬೆಲೆ ಕೊಡುವುದಾಗಿ ಗೋವೆಯವರೆಗೆ ಸುದ್ದಿ ಕಳಿಸಿದನು. ಯುದ್ಧದಲ್ಲಿ ತಮ್ಮಿಂದಲೇ ಸೆರೆಹೋದ, ತಮ್ಮದೇ ಮುದ್ರೆಯಿರುವ ಕುದುರೆಯನ್ನು ತಂದರೂ ತಪ್ಪೆಣಿಸುವುದಿಲ್ಲ, ಹಣ ಕೊಟ್ಟೇ ಕೊಳ್ಳುತ್ತೇನೆ, ಬರುವವರಿಗೆಲ್ಲ ಅಭಯ ಎಂದನು.

ನಂಬಿ ವ್ಯಾಪಾರಿಗಳು ಬಂದರು. ಬಂದವರಿಗೆ ಸವಿಮಾತಿನ ಉಪಚಾರವಾಯಿತು. ಇನ್ನು ಬರತಕ್ಕ ಕುದುರೆ ಉಳಿದಿಲ್ಲವೆಂದು ಖಾತ್ರಿಯಾದ ದಿನ, ತಿರುಮಲನು ಅವರಿಗೆ ಹೊರಡಲು ಅಪ್ಪಣೆ ಕೊಟ್ಟನು, ಹಣವನ್ನು ಮಾತ್ರ ಕೊಡಲಿಲ್ಲ! ಆ ಬಡಪಾಯಿಗಳು ದುಃಖದಿಂದ ಹುಚ್ಚರಂತಾದರೆಂದು ಫ್ರೆಡರಿಕ್ ಬರೆಯುತ್ತಾನೆ.

ತಿರುಮಲನ ಕಷ್ಟ ನಮಗೆ ಅರ್ಥವಾಗದ್ದಲ್ಲ. ಬೊಕ್ಕಸ ಬರಿದಾಗಿತ್ತು, ಮೂರು ದಿಕ್ಕಿಗೂ ಹಗೆಗಳಿದ್ದರು. ಆದರೆ ಅವನು ಅಂದು ಪಡೆದದ್ದು ಕೆಲವು ಕುದುರೆ, ಕಳೆದುಕೊಂಡದ್ದು ಇಡೀ ದಾರಿ. ವ್ಯಾಪಾರದ ಮರುಜೀವದಲ್ಲಿ ಮೊದಲ ವ್ಯವಹಾರವೇ ಬೀಜ. ಬೀಜವನ್ನೇ ಹುರಿದು ತಿಂದವನಿಗೆ ಬೆಳೆ ಎಲ್ಲಿಂದ ಬರಬೇಕು? ಬಹಳ ಕಾಲ ಹೋಗದೆ ಅರಸುಮನೆತನ ಪೆನುಗೊಂಡೆಗೆ ಸರಿಯಿತು. ಗೋವೆಯ ಕುದುರೆಸಾಲುಗಳು ಹಂಪೆಯ ಬೀದಿಯಲ್ಲಿ ಮತ್ತೆ ಕಾಣಿಸಿಕೊಳ್ಳಲಿಲ್ಲ.

ಫ್ರೆಡರಿಕ್ ಹೇಳುವ ಇನ್ನೊಂದು ಸಣ್ಣ ಸಂಗತಿಯನ್ನು ಚರಿತ್ರೆಯ ಪುಸ್ತಕಗಳು ಎತ್ತಿಕೊಳ್ಳುವುದು ಕಡಿಮೆ. ದಾರಿಗಳ್ಳರ ಭಯದಿಂದ ಏಳು ತಿಂಗಳು ವಿಜಯನಗರದಲ್ಲಿಯೇ ತಡೆದಿದ್ದು, ಕೊನೆಗೆ ಅಂಕೋಲೆಯ ದಾರಿ ಹಿಡಿದು ಹೊರಟಾಗ, ದಿನಕ್ಕೊಬ್ಬ ಪಾಳೆಯಗಾರನ ಸೀಮೆ ದಾಟಬೇಕಾಗಿತ್ತಂತೆ. ಇಂದು ಪಡೆದ ತಾಮ್ರದ ಚಿಲ್ಲರೆ ನಾಳಿನ ಊರಿನಲ್ಲಿ ನಡೆಯದು. ದೊಡ್ಡ ರಾಜ್ಯವೊಂದು ಮುರಿದಾಗ ಒಡೆಯುವುದು ಕೋಟೆಗಳಷ್ಟೇ ಅಲ್ಲ, ನಾಣ್ಯ, ತೂಕ, ಠಾಣೆ, ರಹದಾರಿ ಎಲ್ಲವೂ ಚೂರಾಗುತ್ತವೆ. ಯುದ್ಧ ಮುಗಿದು ಸುಂಕದ ಕಟ್ಟೆಯವನು ಬಾಗಿಲು ತೆರೆದರೂ ವರ್ತಕನ ಜೇಬಿನಲ್ಲಿ ನಡೆಯುವ ದುಡ್ಡು ಇಲ್ಲದಿದ್ದರೆ ತೆರೆದ ಬಾಗಿಲಿನಿಂದ ಪ್ರಯೋಜನವೇನು?

ಗೋವೆಗೂ ವಿಜಾಪುರಕ್ಕೂ ಕೊನೆಯ ಬಲಾಬಲ ಪರೀಕ್ಷೆ 1570–71ರಲ್ಲಿ ನಡೆಯಿತು. ಅಲಿ ಆದಿಲಶಹನು ದೊಡ್ಡ ಸೈನ್ಯದೊಡನೆ ಗೋವೆಯನ್ನು ತಿಂಗಳುಗಟ್ಟಲೆ ಮುತ್ತಿದನು. ಆದರೆ ಅದು ಅವನ ಕೈವಶವಾಗಲಿಲ್ಲ. 1571ರಲ್ಲಿ ಸಂಧಿಯಾಯಿತು. ಇಬ್ಬರೂ ದಣಿದಿದ್ದರು, ಇಬ್ಬರಿಗೂ ಪರಸ್ಪರ ಬೇಕಾಗಿತ್ತು. ವಿಜಯನಗರವಿಲ್ಲದ ಮೇಲೆ ಗೋವೆಗೆ ಒಳನಾಡಿನ ದೊಡ್ಡ ಗಿರಾಕಿ ವಿಜಾಪುರವೇ. ವಿಜಾಪುರದ ಹಡಗಿಗೆ ಸಮುದ್ರದಲ್ಲಿ ಕರ್ತಾಜ್ ಕೊಡುವವರು ಗೋವೆಯವರೇ. ಹೀಗೆ ಮತ್ತೆ ಕಟ್ಟಿಕೊಂಡ ವ್ಯಾಪಾರ ಪ್ರೀತಿಯಿಂದ ಹುಟ್ಟಿದ್ದಲ್ಲ, ಅಗತ್ಯದಿಂದ ಹುಟ್ಟಿದ್ದು. ಆದುದರಿಂದಲೇ ಅದು ಆಣೆಪ್ರಮಾಣಗಳ 1547ರ ಕರಾರಿಗಿಂತ ಹೆಚ್ಚು ಕಾಲ ಬಾಳಿತು. ಆದರೂ ಅದು ಹಳೆಯ ಗೋವೆಯಾಗಲಿಲ್ಲ. ವಿಜಾಪುರದ ವರ್ತಕರು ದಾಭೋಳ, ರಾಜಾಪುರ, ವೆಂಗುರ್ಲೆಗಳ ದಾರಿಯನ್ನೂ ಬಳಸುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಗೋವೆಯ ಅಳಿವೆಯನ್ನೇ ಅಡ್ಡಗಟ್ಟಿ ನಿಂತಾಗ ಆ ಬೇರೆ ದಾರಿಗಳೇ ಹೆದ್ದಾರಿಗಳಾದವು.

ಇನ್ನು ಕಾಲದಲ್ಲಿ ಒಂದು ದೊಡ್ಡ ಹೆಜ್ಜೆ ಇಡೋಣ. 1878ರ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಪೋರ್ತುಗಾಲಿಗೂ ಲಿಸ್ಬನ್ನಿನಲ್ಲಿ ಒಂದು ಒಪ್ಪಂದವಾಯಿತು. ಗೋವೆಗೂ ಬ್ರಿಟಿಷ್ ಹಿಂದೂಸ್ಥಾನಕ್ಕೂ ನಡುವಿನ ಸುಂಕದ ಗೋಡೆಯನ್ನು ಕೆಡವಿ, ಗೋವೆಯ ಉಪ್ಪಿನ ಏಕಸ್ವಾಮ್ಯವನ್ನು ಬ್ರಿಟಿಷರಿಗೆ ಬಿಟ್ಟುಕೊಡುವುದು. ಅದಕ್ಕೆ ಪ್ರತಿಯಾಗಿ ಪೋರ್ತುಗೀಜರಿಗೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ. ಹನ್ನೆರಡು ವರ್ಷ ನಡೆದು 1892ರಲ್ಲಿ ಅದು ಕೊನೆಗೊಂಡಿತು, ಗೋಡೆ ಮತ್ತೆ ಎದ್ದಿತು. ಆದರೆ ಆ ಒಪ್ಪಂದದ ಒಂದು ಮಗು ಉಳಿಯಿತು. ಅದೇ ಮುರಗಾವಿ ಬಂದರಿಗೆ ಘಟ್ಟ ಹತ್ತಿಳಿದು ಹೋದ ರೈಲುದಾರಿ. 1880ರ ದಶಕದಲ್ಲಿಯೇ ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಾಪುರಗಳ ಮೇಲೆ ಹೊಟಗಿಗೆ ಮೀಟರ್ ಗೇಜಿನ ಹಳಿ ಬಿದ್ದಿತ್ತು. ಮುರಗಾವಿಯ ಹಳಿಯೂ ಅದೇ ಅಳತೆಯದು. ಬಾಗಲಕೋಟೆಯ ಪೇಟೆಯಲ್ಲಿ ತುಂಬಿದ ಅರಳೆಯ ಅಂಡಿಗೆ ಗದಗ, ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಡಬ್ಬಿ ಬದಲಿಸದೆ ಹಡಗಿನ ಮಗ್ಗುಲಿಗೆ ಬರುವ ಅನುಕೂಲ ಹೀಗೆ ಒದಗಿತು. ಮಂಗಲೇಶನು ಕತ್ತಿಯಿಂದ ತೆರೆದ ದಾರಿಯನ್ನು ಈಗ ಉಗಿಬಂಡಿ ತೆರೆಯಿತು.

ಸ್ವಾತಂತ್ರ್ಯ ಬಂದಾಗ ಗೋವೆ ಪೋರ್ತುಗಾಲಿನ ಕೈಯಲ್ಲಿಯೇ ಉಳಿಯಿತು. ಮಾತುಕತೆಗೆ ಲಿಸ್ಬನ್ ಒಪ್ಪಲಿಲ್ಲ. 1953ರಲ್ಲಿ ಭಾರತ ಅಲ್ಲಿಯ ತನ್ನ ರಾಯಭಾರ ಕಚೇರಿಯನ್ನು ಮುಚ್ಚಿತು. 1955ರ ಆಗಸ್ಟ್ 15ರಂದು ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜರು ಗುಂಡು ಹಾರಿಸಿದರು, ಹಲವರು ಮಡಿದರು. ಅದರ ಬೆನ್ನಿಗೇ ದಿಗ್ಬಂಧನ ಬಿಗಿಯಾಯಿತು. ಕ್ಯಾಸಲ್‌ರಾಕಿನ ಆಚೆ ರೈಲು ಹೋಗಲಿಲ್ಲ. ಸರಕು, ಪ್ರಯಾಣ, ಹಣದ ರವಾನೆ ಎಲ್ಲಕ್ಕೂ ತಡೆ ಬಿತ್ತು. ಮುಂಬಯಿಯಲ್ಲಿ ದುಡಿದು ಊರಿಗೆ ಹಣ ಕಳಿಸುತ್ತಿದ್ದ ಗೋವೆಯವರ ಮನೆಗಳಲ್ಲಿ ಒಲೆ ತಣ್ಣಗಾಯಿತು. ಇತ್ತ ಬೆಳಗಾವಿ, ಖಾನಾಪುರ, ಕಾರವಾರದ ಕಡೆಯ ಕಾಯಿಪಲ್ಲೆ, ಅಕ್ಕಿ, ದನಕರುಗಳಿಗೆ ಹತ್ತಿರದ ಗಿರಾಕಿ ಇಲ್ಲವಾದನು.

ಗೋವೆ ಬಗ್ಗಿತೆ? ಇಲ್ಲ. ಬೇರೆ ಬಾಗಿಲುಗಳನ್ನು ತೆರೆದುಕೊಂಡಿತು. ಆಲೂಗಡ್ಡೆ ಹಾಲೆಂಡಿನಿಂದ, ಅಕ್ಕಿ ತರಕಾರಿ ಪಾಕಿಸ್ತಾನದಿಂದ, ಚಹ ಸಿಂಹಳದಿಂದ, ಸಿಮೆಂಟು ಜಪಾನಿನಿಂದ, ಉಕ್ಕು ಬೆಲ್ಜಿಯಮಿನಿಂದ ಬಂತು. ದಾಬೋಳಿಯಲ್ಲಿ ವಿಮಾನ ನಿಲ್ದಾಣವೇ ಎದ್ದಿತು. ಇವೆಲ್ಲಕ್ಕೂ ಹಣ ಒದಗಿಸಿದ್ದು ಗೋವೆಯ ಗುಡ್ಡಗಳ ಕಬ್ಬಿಣದ ಅದಿರು; ಜಪಾನ್ ಅದರ ಮುಖ್ಯ ಗಿರಾಕಿಯಾಯಿತು. 1958ರಲ್ಲಿ ಅಲ್ಲಿಯ ರೂಪಾಯಿಯ ಜಾಗದಲ್ಲಿ ಎಸ್ಕುಡೊ ನಾಣ್ಯ ಬಂತು. ಫ್ರೆಡರಿಕ್ಕನ ಅನುಭವ ಹೊಸ ರೂಪದಲ್ಲಿ ಮರುಕಳಿಸಿತು. ಘಟ್ಟದ ಕಾಲುದಾರಿಗಳಲ್ಲಿ ಮಾತ್ರ ರಾತ್ರಿಯ ವ್ಯಾಪಾರ ನಿಲ್ಲಲಿಲ್ಲ. ಚಿನ್ನ, ಕೈಗಡಿಯಾರ, ಮದ್ಯ ಈ ಕಡೆಗೆ ನುಸುಳಿದವು. ರಾಜಬೀದಿ ಮುಚ್ಚಿದಾಗ ಕಳ್ಳದಾರಿ ಸವೆಯುವುದು ಲೋಕದ ರೂಢಿ.

1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಯಿತು. ಬಿಡುಗಡೆ ತಂದದ್ದು ದಿಗ್ಬಂಧನವಲ್ಲ, ಸೈನ್ಯ. ಈ ಮಾತನ್ನು ಹೇಳಿದರೆ ದಿಗ್ಬಂಧನ ತಪ್ಪಾಗಿತ್ತೆಂದು ಅರ್ಥವಲ್ಲ. ನಿರಾಯುಧರ ಮೇಲೆ ಗುಂಡು ಹಾರಿಸಿದವನೊಡನೆ ಮಾರನೆಯ ದಿನವೇ ತಕ್ಕಡಿ ಹಿಡಿದು ಕೂಡುವುದು ಸ್ವಾಭಿಮಾನಿ ರಾಷ್ಟ್ರಕ್ಕೆ ಶಕ್ಯವಿರಲಿಲ್ಲ. ನಮ್ಮದೇ ದೇಶ 1946ರಲ್ಲಿ, ಸ್ವಾತಂತ್ರ್ಯಕ್ಕೂ ಒಂದು ವರ್ಷ ಮೊದಲೇ, ವರ್ಣದ್ವೇಷದ ದಕ್ಷಿಣ ಆಫ್ರಿಕದೊಡನೆ ವ್ಯಾಪಾರ ನಿಲ್ಲಿಸಿ, 1993ರವರೆಗೆ ಆ ನಿಲುವಿನಲ್ಲಿ ನಿಂತಿತು. ಅಲ್ಲಿ ನಷ್ಟಲಾಭಗಳ ಲೆಕ್ಕಕ್ಕಿಂತ ಮಾನದ ಲೆಕ್ಕ ದೊಡ್ಡದಾಗಿತ್ತು. ಕಟ್ಟು ಹಾಕುವುದಕ್ಕೆ ಕೆಲವೊಮ್ಮೆ ನ್ಯಾಯವಾದ ಕಾರಣ ಇರುತ್ತದೆ. ಆದರೆ ಕಟ್ಟು ಹಾಕಿದವರು ಅದನ್ನು ಬಿಚ್ಚುವ ದಿನದ ಚಿಂತೆಯನ್ನೂ ಮಾಡಬೇಕೆಂಬುದಷ್ಟೇ ಇಲ್ಲಿಯ ವಾದ.

ಬಿಚ್ಚಿದ ದಿನ ಏನಾಯಿತು? ಗೋವೆ ಭಾರತದ ಅಂಗವಾದ ಮೇಲೆ ಘಟ್ಟದ ರೈಲು ಮತ್ತೆ ಓಡಿತು, ರೂಪಾಯಿ ಮತ್ತೆ ನಡೆಯಿತು, ಬೆ‍ಳಗಾವಿಯ ಕಾಯಿಪಲ್ಲೆ ಗೋವೆಯ ಅಡಿಗೆಮನೆ ಸೇರಿತು. ಇಂದಿಗೂ ಅದು ತಪ್ಪಿಲ್ಲ. ಹತ್ತಿರದ, ದಿನಬಳಕೆಯ ವ್ಯಾಪಾರ ಬಹುಬೇಗ ಚೇತರಿಸಿಕೊಂಡಿತು. ಆದರೆ ಮುರಗಾವಿಯ ಮುಖ ಬದಲಾಗಿತ್ತು. ದಿಗ್ಬಂಧನದ ವರ್ಷಗಳಲ್ಲಿ ಅದು ಅದಿರಿನ ಬಂದರಾಗಿ ಬೆಳೆದಿತ್ತು; ಮುಂದೆ ಹೊಸಪೇಟೆಯ ಕಡೆಯ ಅದಿರೂ ಅದೇ ಹಳಿಯ ಮೇಲೆ ಅಲ್ಲಿಗಿಳಿಯಿತು. ಹತ್ತಿಯ ಅಂಡಿಗೆಗಳ ಕಾಲ ಹಿಂದೆ ಸರಿದಿತ್ತು. ಮುಚ್ಚಿದ ಬಾಗಿಲಿನ ಹಿಂದೆ ಮನೆ ಮೊದಲಿನಂತೆಯೇ ಇರುತ್ತದೆಂದು ತಿಳಿಯುವುದು ಭ್ರಮೆ.

ಇದು ಗೋವೆಯ ಮಾತಾಯಿತು. ಭಾರತ ಮತ್ತು ಪೋರ್ತುಗಾಲ್ ಎಂಬ ಎರಡು ದೇಶಗಳ ಸಂಬಂಧವೋ? ಅದಕ್ಕೆ ಇನ್ನೂ ಹದಿಮೂರು ವರ್ಷ ಬೇಕಾಯಿತು. 1974ರಲ್ಲಿ ಪೋರ್ತುಗಾಲಿನ ಸರ್ವಾಧಿಕಾರ ಉರುಳಿದ ಮೇಲೆ, ಅದೇ ವರ್ಷದ ಡಿಸೆಂಬರ್ 31ರಂದು ಹೊಸದಿಲ್ಲಿಯಲ್ಲಿ ಯಶವಂತರಾವ್ ಚವಾಣರೂ ಮಾರಿಯೊ ಸೊಆರೆಸರೂ ಒಪ್ಪಂದಕ್ಕೆ ಸಹಿ ಹಾಕಿದರು. ಗೋವೆಯ ಮೇಲೆ ಭಾರತದ ಒಡೆತನವನ್ನು ಪೋರ್ತುಗಾಲ್ ಒಪ್ಪಿಕೊಂಡಿತು. ಕಾಗದದ ಮೇಲೆ ಎಲ್ಲ ತಿಳಿಯಾಯಿತು. ಆದರೆ ಒಂದು ಋಣ ಉಳಿದಿತ್ತು. ಗೋವೆಯ ಸಾಮಾನ್ಯ ಕುಟುಂಬಗಳು ಪೋರ್ತುಗೀಜ್ ಬ್ಯಾಂಕಿನಲ್ಲಿ ಅಡವಿಟ್ಟಿದ್ದ ಚಿನ್ನದ ಒಡವೆಗಳು 1961ರಲ್ಲಿ ಲಿಸ್ಬನ್ನಿಗೆ ಸಾಗಿಹೋಗಿದ್ದವು. ಅವು ಮರಳಿ ಬಂದದ್ದು 1991ರಲ್ಲಿ, ಮೂವತ್ತು ವರ್ಷಗಳ ತರುವಾಯ. ಅಡವಿಟ್ಟ ತಾಯಿ ತೀರಿಹೋಗಿ ಮೊಮ್ಮಗಳು ಬಂದು ಬಿಡಿಸಿಕೊಂಡ ಮನೆಗಳು ಎಷ್ಟಿರಬೇಡ! ರಾಷ್ಟ್ರಗಳ ಮುನಿಸು ಸಹಿಯಿಂದ ಮುಗಿಯುತ್ತದೆ. ಮನೆಗಳ ಲೆಕ್ಕ ಒಡವೆ ಕೈಗೆ ಬಂದಾಗ ಮಾತ್ರ ಚುಕ್ತಾ ಆಗುತ್ತದೆ.

ಈ ನಾಲ್ಕುನೂರು ವರ್ಷಗಳ ಕಥೆಯಿಂದ ನಾವು ಕಲಿಯತಕ್ಕದ್ದೇನು? ವ್ಯಾಪಾರವನ್ನು ಒಂದು ದಿನದಲ್ಲಿ ನಿಲ್ಲಿಸಬಹುದು. ಒಂದು ದಿನದಲ್ಲಿ ಕಟ್ಟಲಾಗದು. ನಿಲ್ಲಿಸಲು ರಾಜನ ಅಪ್ಪಣೆ ಸಾಕು. ಕಟ್ಟಲು ವರ್ತಕನ ನಂಬಿಕೆ, ನಡೆಯುವ ನಾಣ್ಯ, ಕಳ್ಳರಿಲ್ಲದ ದಾರಿ, ಕೊಟ್ಟ ಮಾತಿಗೆ ತಪ್ಪದ ಮೊದಲ ಗಿರಾಕಿ ಇವೆಲ್ಲ ಕೂಡಿ ಬರಬೇಕು. 1571ರ ಸಂಧಿ ಬಾಳಿದ್ದು ಇಬ್ಬರಿಗೂ ಅದು ಬೇಕಾಗಿತ್ತೆಂಬ ಕಾರಣದಿಂದ; ತಿರುಮಲನ ಪ್ರಯತ್ನ ಮುರಿದದ್ದು ಹಣ ಕೊಡಲಿಲ್ಲವೆಂಬ ಕಾರಣದಿಂದ. ನಡುವಿನ ವರ್ಷಗಳಲ್ಲಿ ಸರಕು ಸುಮ್ಮನೆ ಕುಳಿತಿರುವುದಿಲ್ಲ, ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಹುಡುಕಿಕೊಂಡ ದಾರಿಯನ್ನು ಬಿಟ್ಟು ಹಳೆಯ ದಾರಿಗೆ ಬರಲು ಅದಕ್ಕೆ ಕಾರಣ ಬೇಕು.

ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಇಳಕಲ್ಲಿನದೇ ಕೆಂಪು ಶಿಲೆ ಇಂದು ಯಾವ ಯಾವ ಪೇಟೆಗಳ ದಾರಿ ಹಿಡಿಯುತ್ತವೆಂಬುದನ್ನು ಈ ಸೀಮೆಯ ವಾಚಕರು ನನಗಿಂತ ಚೆನ್ನಾಗಿ ಬಲ್ಲರು. ದೂರದ ರಾಜಧಾನಿಗಳಲ್ಲಿ ಯಾರೋ ಯಾರ ಮೇಲೋ ನಿರ್ಬಂಧ ಹಾಕಿದ ಸುದ್ದಿಯನ್ನು, ಅಥವಾ ಹಾಕಿದ್ದನ್ನು ತೆಗೆದ ಸುದ್ದಿಯನ್ನು ಇನ್ನು ಮುಂದೆ ಕೇಳಿದಾಗ, ಗೆದ್ದವರಾರು ಸೋತವರಾರು ಎಂಬ ಪ್ರಶ್ನೆಯ ಜೊತೆಗೆ ಇನ್ನೊಂದನ್ನೂ ನೀವು ಕೇಳಿಕೊಳ್ಳಬೇಕು. ಅಂಕೋಲೆಗೇ ಇಳಿಸಬೇಕೆಂಬ ಅಪ್ಪಣೆಯ ಕೆಳಗೆ ಬಟ್ಟೆ ನೇಯ್ದವನು ಯಾರು, ಹಂಪೆಯಿಂದ ಬರಿಗೈಯಲ್ಲಿ ಮರಳಿದ ಕುದುರೆ ವ್ಯಾಪಾರಿ ಯಾರು, ಲಿಸ್ಬನ್ನಿನ ತಿಜೋರಿಯಲ್ಲಿ ಮೂವತ್ತು ವರ್ಷ ಬಿದ್ದಿದ್ದ ಬಳೆ ಯಾರ ಕೈಯದು? ಕರಾರುಗಳಲ್ಲಿ ಇವರ ಹೆಸರಿರುವುದಿಲ್ಲ. ದಾರಿಯನ್ನು ನಡೆದು ಸವೆಸುವವರು ಮಾತ್ರ ಇವರೇ.